ಒಂದು ಯಂತ್ರದ ದುರಸ್ತಿ

ಕೆಟ್ಟುಹೋದ ವಸ್ತುವನ್ನು ಸರಿಪಡಿಸಿಕೊಂಡು ಬಳಸುವುದು ನಮ್ಮ ಹಿಂದಿನವರಿಗೆ ಒಂದು ವ್ರತವೇನೂ ಆಗಿರಲಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೆ. ನಾನು ಬಾಲಕನಾಗಿದ್ದಾಗ ನಮ್ಮ ಸಾಲಿಗ್ರಾಮದ ಬೀದಿಗಳಿಗೆ ವರ್ಷಕ್ಕೊಮ್ಮೆಯಾದರೂ ಕಲಾಯಿಯವನು ಬರುತ್ತಿದ್ದನು. ಮಳೆಗಾಲ ಕಾಲಿಡುವುದಕ್ಕೆ ಮುಂಚೆ ಕೊಡೆ ರಿಪೇರಿಯವನ ಕೂಗು ಕೇಳುತ್ತಿತ್ತು. ಸವೆದುಹೋದ ಬೀಸುವ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಕೊಡುವವರು ಬರುತ್ತಿದ್ದರು. ಬೀಸುವ ಕಲ್ಲು ಸವೆಯಿತೆಂದು ಹೊಸ ಕಲ್ಲನ್ನು ಕೊಂಡುತಂದ ಮನೆಯನ್ನು ನಾನು ಕಂಡಿರಲಿಲ್ಲ. ಈಗ ಕಾಲ ತಿರುಗಿದೆ. ಯಾವ ವಸ್ತುವೇ ಕೆಡಲಿ, ಅಂಗಡಿಯವನು ಅದನ್ನು ಕೈಯಲ್ಲಿ ಹಿಡಿದು ನೋಡುವ ಮೊದಲೇ, "ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತೆಗೆದುಕೊಳ್ಳಿ" ಎಂದುಬಿಡುತ್ತಾನೆ. ಅನೇಕ ವೇಳೆ ಅವನು ಹೇಳುವುದು ಸರಿಯಾಗಿಯೇ ಇರುತ್ತದೆ. ಆದರೆ ಹೊಸದು ಎಂಬುದು ಲೋಕದಲ್ಲಿ ಎಲ್ಲಿಯೂ ತಯಾರಾಗುತ್ತಿಲ್ಲದಿದ್ದರೆ ಏನು ಮಾಡುವುದು? ಅಂಥದೊಂದು ಪ್ರಸಂಗವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನನ್ನ ಬಳಿ ಒಂದು ಫಿಲ್ಮ್ ಸ್ಕ್ಯಾನರ್ ಇದೆ. ಹಾಗೆಂದರೇನೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಮೊಬೈಲಿನಲ್ಲಿ ಚಿತ್ರ ತೆಗೆದು ಮರುಕ್ಷಣವೇ ನೋಡುವ ಈ ಕಾಲಕ್ಕೆ ಮುಂಚೆ ಛಾಯಾಚಿತ್ರವನ್ನು ಫಿಲ್ಮಿನ ಮೇಲೆ ತೆಗೆಯುತ್ತಿದ್ದರು. ಫಿಲ್ಮ್ ಎಂಬುದು ಪಾರದರ್ಶಕವಾದ ತೆಳುವಾದ ಹಾಳೆ. ಅದರ ಮೇಲೆ ಜೆಲಟಿನ್ ಎಂಬ ಅಂಟಿನಲ್ಲಿ ಬೆರೆಸಿದ ಬೆಳ್ಳಿಯ ಲವಣಗಳ ಲೇಪ. ಬೆಳಕು ಬಿದ್ದ ಕಡೆ ಲವಣವು ರಾಸಾಯನಿಕ ಸಂಸ್ಕಾರದಿಂದ ಕಪ್ಪು ಬೆಳ್ಳಿಯ ಕಣಗಳಾಗಿ ನಿಲ್ಲುತ್ತದೆ. ಬೆಳಕು ಬೀಳದ ಕಡೆ ತೊಳೆದುಹೋಗುತ್ತದೆ. ಆದ್ದರಿಂದ ಲೋಕದಲ್ಲಿ ಬೆಳ್ಳಗಿರುವುದು ಫಿಲ್ಮಿನಲ್ಲಿ ಕಪ್ಪಗೂ, ಕಪ್ಪಗಿರುವುದು ತಿಳಿಯಾಗಿಯೂ ಕಾಣುತ್ತದೆ. ಇದೇ ನೆಗೆಟಿವ್. ಇದರಿಂದ ಕಾಗದದ ಮೇಲೆ ಎಷ್ಟು ಪ್ರತಿಗಳನ್ನು ಬೇಕಾದರೂ ತೆಗೆಯಬಹುದಾಗಿತ್ತು. ಈ ನೆಗೆಟಿವನ್ನು ಓದಿ, ಕಂಪ್ಯೂಟರು ಕಾಪಾಡಬಲ್ಲ ಅಂಕಿಗಳನ್ನಾಗಿ ಮಾರ್ಪಡಿಸುವ ಯಂತ್ರವೇ ಫಿಲ್ಮ್ ಸ್ಕ್ಯಾನರ್.

2018ರಲ್ಲಿ ನಾನು ಕನ್ನಡ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದೆ. ನಿವೃತ್ತರಾದವರಿಗೆ ಊರಿನಲ್ಲಿ ಎರಡು ಕೆಲಸಗಳು ಕಾದಿರುತ್ತವೆ: ದೇವಸ್ಥಾನದ ಜಗಲಿಯ ಮೇಲೆ ಕುಳಿತು ರಾಜಕೀಯವನ್ನು ಚರ್ಚಿಸುವುದು ಒಂದು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟುಬರುವುದು ಮತ್ತೊಂದು. ನನಗೆ ಮೂರನೆಯದೊಂದು ದೊರೆಯಿತು. ನಮ್ಮೂರಿನ ಹಳೆಯ ಫೋಟೋ ಸ್ಟುಡಿಯೋದ ಯಜಮಾನರು ತೀರಿಕೊಂಡು, ಅವರ ಮಕ್ಕಳು ಆ ಕಟ್ಟಡವನ್ನು ಕೆಡವಿಸಲು ಹೊರಟಿದ್ದರು. ಅವರಲ್ಲೊಬ್ಬನು ನನ್ನ ಶಿಷ್ಯ. "ಅಟ್ಟದ ಮೇಲೆ ಅಪ್ಪನ ಕಾಲದ ತಗಡಿನ ಪೆಟ್ಟಿಗೆಗಳು ತುಂಬ ಇವೆ, ಮೇಷ್ಟ್ರೇ. ಗುಜರಿಗೆ ಹಾಕುವುದಕ್ಕೆ ಮನಸ್ಸು ಬರುವುದಿಲ್ಲ" ಎಂದು ಅವನು ನನ್ನ ಬಳಿಗೆ ಬಂದನು. ಹೋಗಿ ನೋಡಿದೆ. ಮೂವತ್ತೊಂದು ಪೆಟ್ಟಿಗೆಗಳು, ಒಂದೊಂದರಲ್ಲಿಯೂ ಬೆಣ್ಣೆಕಾಗದದ ಲಕೋಟೆಗಳಲ್ಲಿ ಇಟ್ಟ ನೆಗೆಟಿವ್‌ಗಳು, ಲಕೋಟೆಯ ಮೇಲೆ ಕ್ರಮಸಂಖ್ಯೆ. ಜೊತೆಗೆ ಏಳು ದಪ್ಪ ರಿಜಿಸ್ಟರುಗಳು. 1962ರಿಂದ ಮುಂದಕ್ಕೆ ಯಾರು ಯಾವ ದಿನ ಬಂದು ಏತಕ್ಕಾಗಿ ಫೋಟೋ ತೆಗೆಸಿಕೊಂಡರು ಎಂಬುದೆಲ್ಲ ಯಜಮಾನರ ಮುದ್ದಾದ ಅಕ್ಷರಗಳಲ್ಲಿ ಬರೆದಿತ್ತು.

ಸಾಲಿಗ್ರಾಮವು ಶ್ರೀರಾಮಾನುಜಾಚಾರ್ಯರು ಬಂದು ತಂಗಿದ್ದ ಊರೆಂದು ಪ್ರಸಿದ್ಧವಾಗಿದೆ. ಯೋಗಾನರಸಿಂಹಸ್ವಾಮಿಯ ದೇವಾಲಯವೂ ಶ್ರೀಪಾದತೀರ್ಥವೂ ಇಲ್ಲಿವೆ. ಈ ಊರಿನ ಹಿಂದಿನ ಕಥೆಯನ್ನು ಹೇಳಲು ಕಲ್ಲುಗಳಿವೆ, ಗ್ರಂಥಗಳಿವೆ. ಆದರೆ ಮೊನ್ನೆ ಮೊನ್ನೆಯವರೆಗೆ ಇಲ್ಲಿ ಬದುಕಿ ಹೋದ ಕುಂಬಾರರು, ಕುರುಬರು, ಗಾಣಿಗರು, ಶಾಲೆಯ ಮಕ್ಕಳು, ಭತ್ತದ ಗದ್ದೆಯ ಕೂಲಿಯವರು, ಇವರ ಮುಖಗಳು ಹೇಗಿದ್ದವೆಂದು ತಿಳಿಯಬೇಕಾದರೆ ಆ ತಗಡಿನ ಪೆಟ್ಟಿಗೆಗಳಲ್ಲದೆ ಬೇರೆ ಆಧಾರವಿರಲಿಲ್ಲ. ಪೆಟ್ಟಿಗೆಗಳಲ್ಲಿ ಮದುವೆಗಳಿದ್ದವು, ಉಪನಯನಗಳಿದ್ದವು, ಸತ್ತವರನ್ನು ಕುರ್ಚಿಯ ಮೇಲೆ ಕೂರಿಸಿ ತೆಗೆದ ಚಿತ್ರಗಳೂ ಇದ್ದವು. ಯಜಮಾನರು ಸ್ಟುಡಿಯೋದ ಒಳಗೇ ಕುಳಿತಿದ್ದವರಲ್ಲ. 1971ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯಲ್ಲಿ ನಡೆದ ಖೆಡ್ಡಾಕ್ಕೆ ಅವರು ಕ್ಯಾಮೆರಾ ಹೊತ್ತು ಹೋಗಿದ್ದರು. ಕಾಡಾನೆಗಳ ಹಿಂಡನ್ನು ನದಿಗೆ ಇಳಿಸಿ ಹಿಡಿಯುವ ಆ ದೃಶ್ಯವನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಿದ್ದರು. ಅದೇ ಅಲ್ಲಿನ ಕೊನೆಯ ಖೆಡ್ಡಾ ಆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಸಿದ್ಧವಾಗಿ ಆ ಸ್ಥಳವೇ ಹಿನ್ನೀರಿನ ಅಡಿಗೆ ಸೇರಿತು. ನೀರಿನ ಅಡಿಗೆ ಹೋದ ನೆಲದ ಇಪ್ಪತ್ತೆರಡು ನೆಗೆಟಿವ್‌ಗಳು ನಮ್ಮೂರಿನ ಅಟ್ಟದ ಮೇಲೆ ಇದ್ದವು!

ಇವುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದೆಂದು ನಿಶ್ಚಯಿಸಿ, ಮೈಸೂರಿನಲ್ಲಿ ಮುಚ್ಚಿಹೋಗಿದ್ದ ಒಂದು ಕಲರ್ ಲ್ಯಾಬಿನಿಂದ ಹಳೆಯ ಸ್ಕ್ಯಾನರೊಂದನ್ನು ಕೊಂಡುತಂದೆ. ಜೊತೆಗೆ ಅದರ ಸಂಗಾತಿಯಾದ ಹಳೆಯ ಕಂಪ್ಯೂಟರೂ ಬಂದಿತು. ಈ ಯಂತ್ರದ ತಂತಿಯನ್ನು ಸಿಕ್ಕಿಸಲು ಹೊಸ ಕಂಪ್ಯೂಟರುಗಳಲ್ಲಿ ಸ್ಥಳವೇ ಇಲ್ಲ. ಮುದುಕ ದಂಪತಿಗಳ ಹಾಗೆ ಇವೆರಡೂ ಒಂದನ್ನೊಂದು ಬಿಟ್ಟಿರಲಾರವು.

ಯಂತ್ರದ ಒಳಗಿನ ಏರ್ಪಾಡು ನೋಡಲು ಜಟಿಲ, ತತ್ತ್ವ ಮಾತ್ರ ಸರಳ. ಫಿಲ್ಮನ್ನು ಒಂದು ತಟ್ಟೆಯಲ್ಲಿ ಮಲಗಿಸಿ ಒಳಗೆ ತಳ್ಳಿದರೆ, ಒಂದು ಕಡೆಯಿಂದ ಬೆಳಕು ಅದನ್ನು ಹಾದುಬರುತ್ತದೆ. ಹಾದುಬಂದ ಬೆಳಕನ್ನು ಒಂದು ಕನ್ನಡಿ ತಿರುಗಿಸಿ ಮಸೂರಕ್ಕೆ ಒಪ್ಪಿಸುತ್ತದೆ. ಮಸೂರವು ಅದನ್ನು ಒಂದು ಗೆರೆಯಲ್ಲಿ ಜೋಡಿಸಿದ ಸಾವಿರಾರು ಸೂಕ್ಷ್ಮ ಸಂವೇದಕಗಳ ಮೇಲೆ ಬೀಳಿಸುತ್ತದೆ. ಒಂದು ಗೆರೆ ಓದಿದ ಮೇಲೆ ಮೋಟರು ತಟ್ಟೆಯನ್ನು ಕೂದಲೆಳೆಗಿಂತ ಕಡಿಮೆ ದೂರ ಸರಿಸುತ್ತದೆ. ಮತ್ತೆ ಇನ್ನೊಂದು ಗೆರೆ. ಅಂಗುಲಕ್ಕೆ 4,000 ಗೆರೆಗಳು. ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಚೌಕನೆಯ ನೆಗೆಟಿವ್‌ನ ಒಂದು ಬದಿ 56 ಮಿಲಿಮೀಟರು; ಅಂದರೆ ಒಂದು ಬದಿಗೆ ಸುಮಾರು 8,800 ಚುಕ್ಕೆಗಳು, ಇಡೀ ಚಿತ್ರಕ್ಕೆ ಏಳೂಮುಕ್ಕಾಲು ಕೋಟಿ! ಹೀಗೆ ಒಂದು ಚಿತ್ರವನ್ನು ಓದಲು ನನ್ನ ಯಂತ್ರಕ್ಕೆ ಏಳು ನಿಮಿಷ ಬೇಕು. ಅಷ್ಟರಲ್ಲಿ ನಾನು ರಿಜಿಸ್ಟರಿನಿಂದ ಹೆಸರು, ದಿನಾಂಕಗಳನ್ನು ನಕಲು ಮಾಡುತ್ತೇನೆ, ಇಲ್ಲವೆ ಕಾಫಿ ಕುಡಿಯುತ್ತೇನೆ.

ಬಣ್ಣದ ಫಿಲ್ಮಿನ ಮೇಲಿನ ಧೂಳನ್ನು ಈ ಯಂತ್ರವು ತಾನೇ ಅಳಿಸಬಲ್ಲುದು. ಅದರ ಉಪಾಯ ಚೆಲುವಾದುದು. ಕಣ್ಣಿಗೆ ಕಾಣದ ಅವಗೆಂಪು ಕಿರಣಕ್ಕೆ ಫಿಲ್ಮಿನ ಬಣ್ಣಗಳು ಗಾಜಿನಂತೆ ತಿಳಿ. ಧೂಳು ಮಾತ್ರ ಅದನ್ನು ತಡೆಯುತ್ತದೆ. ಆದ್ದರಿಂದ ಆ ಕಿರಣದಲ್ಲಿ ಒಮ್ಮೆ ನೋಡಿದರೆ ಚಿತ್ರ ಮಾಯವಾಗಿ ಧೂಳು, ಗೀರುಗಳಷ್ಟೇ ಉಳಿಯುತ್ತವೆ. ಎಲ್ಲಿ ಏನನ್ನು ಅಳಿಸಬೇಕೆಂದು ಯಂತ್ರಕ್ಕೆ ತಿಳಿಯುತ್ತದೆ. ಆದರೆ ಕಪ್ಪುಬಿಳುಪು ಫಿಲ್ಮಿನಲ್ಲಿರುವುದು ಬಣ್ಣವಲ್ಲ, ಬೆಳ್ಳಿ. ಬೆಳ್ಳಿಯೂ ಅವಗೆಂಪನ್ನು ತಡೆಯುತ್ತದೆ. ಹೀಗಾಗಿ ನನ್ನ ಪೆಟ್ಟಿಗೆಗಳ ಮಟ್ಟಿಗೆ ಈ ವಿದ್ಯೆ ನಿರುಪಯುಕ್ತ. ಧೂಳನ್ನೆಲ್ಲ ಕುಂಚದಿಂದ ನಾನೇ ಕೊಡವಬೇಕು.

ಐದು ವರ್ಷಗಳಲ್ಲಿ 4,300 ನೆಗೆಟಿವ್‌ಗಳು ಮುಗಿದವು. ಅನಂತರ 2024ರ ಆರಂಭದಿಂದ ಯಂತ್ರವು ತನ್ನ ವಯಸ್ಸನ್ನು ತೋರಿಸತೊಡಗಿತು. ಮೊದಲು ಕಂಡದ್ದು ಒಂದು ವಿಚಿತ್ರವಾದ ಮಸುಕು. ಬಿಳಿಯ ಗೋಡೆಯ ಮುಂದೆ ನಿಂತವರ ಕಪ್ಪು ಕೂದಲಿನ ಸುತ್ತ ಯಾರೋ ಮಸಿಯನ್ನು ಒರಸಿದಂತೆ ಒಂದು ನೆರಳು. ಇದಕ್ಕೆ ಕಾರಣವನ್ನು ಹುಡುಕಬೇಕಾದರೆ ನೆಗೆಟಿವ್‌ನ ಸ್ವಭಾವವನ್ನು ನೆನೆಯಬೇಕು. ಕಪ್ಪು ಕೂದಲು ನೆಗೆಟಿವ್‌ನಲ್ಲಿ ತಿಳಿಯಾದ ಭಾಗ. ಅಲ್ಲಿಂದ ಬೆಳಕು ಧಾರಾಳವಾಗಿ ನುಗ್ಗುತ್ತದೆ. ದಾರಿಯಲ್ಲಿರುವ ಕನ್ನಡಿಗೆ ಧೂಳು ಕವಿದಿದ್ದರೆ ಆ ಬೆಳಕು ಚೆದುರಿ ಅಕ್ಕಪಕ್ಕಕ್ಕೆ ಸೋರುತ್ತದೆ. ಸೋರಿದ ಬೆಳಕನ್ನು ಯಂತ್ರ ಕಪ್ಪೆಂದೇ ಬರೆದುಕೊಳ್ಳುತ್ತದೆ. ಇದು ಕನ್ನಡಿಯ ರೋಗ. ಆಷಾಢದ ವೇಳೆಗೆ ಎರಡನೆಯ ರೋಗ ಬಂದಿತು. ತಟ್ಟೆ ಅರ್ಧಕ್ಕೆ ಬಂದು ನಿಲ್ಲುವುದು, ಒಳಗಿನಿಂದ ಹಲ್ಲು ಕಡಿದಂಥ ಸದ್ದು. ಒಂದು ದಿನ ತಟ್ಟೆ ಕದಲಲೇ ಇಲ್ಲ.

ಯಂತ್ರ ತಯಾರಿಸಿದ ಕಂಪನಿಯ ಸೇವಾಕೇಂದ್ರಕ್ಕೆ ಫೋನು ಮಾಡಿದೆ. ಅಲ್ಲಿನ ಹುಡುಗಿ ಬಹಳ ವಿನಯದಿಂದ, "ಅದರ ಬಿಡಿಭಾಗಗಳು ಬರುವುದು ನಿಂತು ವರ್ಷಗಳಾದವು ಸರ್, ಹೊಸದನ್ನು ಕೊಳ್ಳಬೇಕಾಗುತ್ತದೆ" ಎಂದಳು. "ಆಗಲಮ್ಮ, ಹೊಸದಕ್ಕೆ ಎಷ್ಟಾಗುತ್ತದೆ?" ಎಂದೆ. ಸ್ವಲ್ಪ ಹೊತ್ತು ಹುಡುಕಿ ನೋಡಿ, "ಹೊಸದನ್ನು ನಮ್ಮ ಕಂಪನಿ ತಯಾರಿಸುತ್ತಿಲ್ಲ ಸರ್" ಎಂದಳು. ಪಾಪ, ಅವಳ ತಪ್ಪೇನು? ಈ ಯಂತ್ರಗಳ ಆಯುಷ್ಯವೇ ಅಷ್ಟು. ಫಿಲ್ಮಿನ ಯುಗ ಮುಗಿಯುತ್ತ ಡಿಜಿಟಲ್ ಯುಗ ಮೊದಲಾಗುತ್ತಿದ್ದ ಸಂಧಿಕಾಲದಲ್ಲಿ ಇವು ಹುಟ್ಟಿದವು. ಸಂಧಿಕಾಲ ಕಳೆಯುತ್ತಲೇ ತಯಾರಕರು ಕೈಬಿಟ್ಟರು. ಕೊನಿಕಾ ಮಿನೋಲ್ಟಾ ಕಂಪನಿಯು 2006ರಲ್ಲಿ ಕ್ಯಾಮೆರಾ, ಫಿಲ್ಮ್‌ಗಳ ವ್ಯವಹಾರದಿಂದಲೇ ಹಿಂದೆ ಸರಿಯಿತು. ಲೋಕಕ್ಕೆಲ್ಲ ಫಿಲ್ಮ್ ಒದಗಿಸಿದ ಕೊಡಕ್ ಕಂಪನಿ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ನೀಲಗಿರಿಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾಗಿ 'ಇಂದು' ಎಂಬ ಹೆಸರಿನ ಫಿಲ್ಮನ್ನು ನಮಗೆ ಕೊಡುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿಹೋಯಿತು. ಹೊಸ ಫಿಲ್ಮ್ ಸ್ಕ್ಯಾನರುಗಳು ಇಲ್ಲವೇ ಇಲ್ಲವೆಂದಲ್ಲ. ಚಲನಚಿತ್ರಗಳಿಗಾಗಿ ಮಾಡಿದ ದೊಡ್ಡ ಯಂತ್ರಗಳ ಬೆಲೆಯನ್ನು ಕೇಳಿದರೆ ನಮ್ಮ ಊರನ್ನೇ ಮಾರಬೇಕಾದೀತು.

ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನನ್ನ ಅಣ್ಣನ ಮಗನಿಗೆ ಈ ಯಂತ್ರದ ಮೇಲೆ ಸ್ವಲ್ಪವೂ ಗೌರವವಿಲ್ಲ. "ಚಿಕ್ಕಪ್ಪ, ಅದನ್ನು ಅತ್ತ ಇಡಿ. ಕೆಳಗೆ ಬೆಳಕಿನ ಹಲಗೆ, ಮೇಲೆ ಒಂದು ಒಳ್ಳೆಯ ಡಿಜಿಟಲ್ ಕ್ಯಾಮೆರಾ, ಅದಕ್ಕೆ ಹತ್ತಿರದ ವಸ್ತುಗಳನ್ನು ತೆಗೆಯುವ ಮಸೂರ. ಒಂದೊಂದು ನೆಗೆಟಿವ್‌ಗೆ ಒಂದೊಂದು ಕ್ಷಣ ಸಾಕು" ಎಂದನು. ಅವನ ಮಾತಿನಲ್ಲಿ ಸತ್ಯವಿತ್ತು. ಈಗ ಅನೇಕ ಗ್ರಂಥಾಲಯಗಳೂ ವಸ್ತುಸಂಗ್ರಹಾಲಯಗಳೂ ಈ ಕ್ರಮವನ್ನೇ ಅನುಸರಿಸುತ್ತಿವೆ. ಆದರೆ ಐವತ್ತು ವರ್ಷ ಲಕೋಟೆಯಲ್ಲಿ ಸುರುಳಿಕೊಂಡು ಕುಳಿತ ಫಿಲ್ಮ್ ಹಲಗೆಯ ಮೇಲೆ ಸಮನಾಗಿ ಮಲಗುವುದಿಲ್ಲ. ಗಾಜಿನಿಂದ ಒತ್ತಿದರೆ ಗಾಜಿಗೂ ಫಿಲ್ಮಿಗೂ ನಡುವೆ ಉಳಿದ ಅತಿ ತೆಳುವಾದ ಗಾಳಿಯ ಪದರದಲ್ಲಿ ಬೆಳಕು ಕಾಮನಬಿಲ್ಲಿನಂಥ ಉಂಗುರಗಳನ್ನು ಬಿಡಿಸುತ್ತದೆ. ಇವಕ್ಕೆ ನ್ಯೂಟನ್ನನ ಉಂಗುರಗಳೆಂದು ಹೆಸರು. ಇದನ್ನು ತಡೆಯಲು ಮೇಲ್ಮೈಯನ್ನು ತುಸು ಒರಟು ಮಾಡಿದ ವಿಶೇಷ ಗಾಜು ಬೇಕು. ಅಂಥ ಗಾಜಿನ ತಟ್ಟೆ ನನ್ನ ಹಳೆಯ ಯಂತ್ರದ ಜೊತೆಯಲ್ಲಿಯೇ ಬಂದಿತ್ತು. ಕ್ಯಾಮೆರಾ, ಮಸೂರ, ನಿಲುವು, ಗಾಜು ಎಲ್ಲ ಸೇರಿದರೆ ನಿವೃತ್ತಿವೇತನದ ಎಷ್ಟೋ ತಿಂಗಳುಗಳು ಕರಗಬೇಕಿತ್ತು. ಆಗಲಿ, ವರ್ಷಾಂತ್ಯಕ್ಕೆ ನೋಡೋಣ ಎನ್ನಬಹುದಿತ್ತು. ಆದರೆ ಕಾಯುವಂತಿರಲಿಲ್ಲ.

ಏಕೆಂದರೆ ಹದಿನಾಲ್ಕನೆಯ ಪೆಟ್ಟಿಗೆಯ ಮುಚ್ಚಳ ತೆರೆದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಉಪ್ಪಿನಕಾಯಿಗೆ ಹಾಕುವ ವಿನೆಗರಿನ ವಾಸನೆ. ಅಂದಿನ ಫಿಲ್ಮಿನ ಹಾಳೆಯನ್ನು ಸೆಲ್ಯುಲೋಸ್ ಅಸಿಟೇಟಿನಿಂದ ಮಾಡುತ್ತಿದ್ದರು. ಸೆಕೆ ಮತ್ತು ತೇವದಲ್ಲಿ ಅದು ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಆ ಆಮ್ಲದ ಆವಿಯೇ ಉಳಿದ ಫಿಲ್ಮನ್ನೂ ಬೇಗ ಒಡೆಯುತ್ತದೆ. ಒಂದು ಕೆಟ್ಟರೆ ಪೆಟ್ಟಿಗೆಯಲ್ಲಿರುವ ನೆರೆಹೊರೆಗೂ ಹಬ್ಬುತ್ತದೆ. ಗಾಳಿಯಾಡದ ತಗಡಿನ ಪೆಟ್ಟಿಗೆಯಲ್ಲಂತೂ ಹೇಳುವುದೇ ಬೇಡ. ಹಾಳೆ ಕುಗ್ಗುತ್ತದೆ, ಮೇಲಿನ ಜೆಲಟಿನ್ ಕುಗ್ಗುವುದಿಲ್ಲ. ಆಗ ಚಿತ್ರ ಒಣಗಿದ ಕೆರೆಯ ತಳದಂತೆ ಸುಕ್ಕುಗಟ್ಟಿ ಎದ್ದುಬರುತ್ತದೆ. ಈ ರೋಗಕ್ಕೆ ಮದ್ದಿಲ್ಲ. ತಂಪಿನಲ್ಲಿಟ್ಟು ನಿಧಾನಗೊಳಿಸಬಹುದು, ಸುಕ್ಕಾಗುವ ಮೊದಲೇ ಪ್ರತಿ ತೆಗೆದುಕೊಳ್ಳಬಹುದು.

ಪ್ರತಿ ತೆಗೆಯುವುದು ಎಂದೊಡನೆ ಕನ್ನಡ ಮೇಷ್ಟರಿಗೆ ಅತ್ತಿಮಬ್ಬೆ ನೆನಪಾಗದೆ ಇರಲಾರಳು. ಹತ್ತನೆಯ ಶತಮಾನದ ಆ ದಾನಚಿಂತಾಮಣಿ, ಪೊನ್ನ ಕವಿಯ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಗರಿಯ ಮೇಲೂ ಕಂಠದಿಂದ ಅಕ್ಷರ ಕೊರೆಯಬೇಕು. ಸಾವಿರವೆಂದರೆ ಎಷ್ಟು ಕೈಗಳು, ಎಷ್ಟು ತಿಂಗಳುಗಳು! ಶಾಂತಿಪುರಾಣ ಉಳಿದುಬಂದಿತು. ಅದೇ ಪೊನ್ನನ 'ಭುವನೈಕರಾಮಾಭ್ಯುದಯ'ದ ಪ್ರತಿ ಒಂದೂ ನಮಗೆ ದೊರೆತಿಲ್ಲ. ಒಬ್ಬನೇ ಕವಿ, ಒಂದೇ ಕಾಲ; ಒಂದು ಕೃತಿ ಇದೆ, ಒಂದು ಇಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯೂ ಯಾರೋ ಹೆಸರಿಲ್ಲದ ಲಿಪಿಕಾರನು ಮಾಡಿಟ್ಟ ಪ್ರತಿಯೇ. ಮೂಲ ಪ್ರತಿ ಎಂದೋ ಮಣ್ಣಾಗಿತ್ತು.

ಫಿಲ್ಮಿನ ಕಥೆಯೂ ಬೇರೆಯಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚಿ 3ರಂದು ಬಿಡುಗಡೆಯಾಯಿತು. ವೈ.ವಿ. ರಾವ್ ನಿರ್ದೇಶಿಸಿದ ಆ ಚಿತ್ರದಲ್ಲಿ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬಾ ಅಭಿನಯಿಸಿದ್ದರು. ಅದರ ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ಚಲನಚಿತ್ರಗಳ ಫಿಲ್ಮ್ ನೈಟ್ರೇಟಿನದು. ಕಿಡಿ ತಗುಲಿದರೆ ಮದ್ದಿನಂತೆ ಹತ್ತಿ ಉರಿಯುವಂಥದು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದೇ 1964ರಲ್ಲಿ. ಅಷ್ಟರಲ್ಲಿ ಹೋಗಬೇಕಾದವು ಬಹಳಷ್ಟು ಹೋಗಿಬಿಟ್ಟಿದ್ದವು.

ನನ್ನ ಯಂತ್ರ ಕೆಟ್ಟು ಕುಳಿತಿದ್ದ ದಿನಗಳಲ್ಲಿಯೇ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 2024ರ ವೆನಿಸ್ ಚಲನಚಿತ್ರೋತ್ಸವದಲ್ಲಿ ಹೊಸ ಪ್ರತಿಯಾಗಿ ಪ್ರದರ್ಶಿತವಾಯಿತೆಂದು. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ತಯಾರಾದ, ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆದ ಕಪ್ಪುಬಿಳುಪು ಚಿತ್ರವದು. ಪುಣೆಯ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವನ್ನು ಬಳಸಿ, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಎಂಬ ಭಾರತದ ಸಂಸ್ಥೆಯೂ ವಿದೇಶದ ಸಂಸ್ಥೆಗಳೂ ಕೂಡಿ ಅದನ್ನು ಪುನರುದ್ಧಾರ ಮಾಡಿದ್ದವು. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಎರಡು ಗಂಟೆಯ ಚಿತ್ರವೆಂದರೆ 1,72,800 ಚೌಕಟ್ಟುಗಳು. ಒಂದೊಂದನ್ನೂ ಓದಬೇಕು, ಒಂದೊಂದರ ಗೀರನ್ನೂ ತಿದ್ದಬೇಕು. ಇಂಥ ಕೆಲಸಕ್ಕೆ ಬಳಸುವ ಕೆಲವು ಸ್ಕ್ಯಾನರುಗಳಲ್ಲಿ ಫಿಲ್ಮನ್ನು ಒಂದು ದ್ರವದಲ್ಲಿ ತೋಯಿಸಿ ಓದುತ್ತಾರಂತೆ. ಆ ದ್ರವವು ಫಿಲ್ಮಿನಷ್ಟೇ ಬೆಳಕನ್ನು ಬಾಗಿಸುವುದರಿಂದ, ಗೀರಿನೊಳಗೆ ತುಂಬಿಕೊಂಡಾಗ ಗೀರು ಕಾಣುವುದೇ ಇಲ್ಲ. ಈ ಯುಕ್ತಿಯನ್ನು ಓದಿ ನಾನು ಮಗುವಿನಂತೆ ಸಂತೋಷಪಟ್ಟೆ.

ಇರಲಿ, ವೆನಿಸ್ ದೂರದ ಮಾತು. ಶ್ರಾವಣದ ಒಂದು ಬೆಳಿಗ್ಗೆ ಮಿರ್ಲೆಯ ಕಡೆಯ ಒಂದು ಹಳ್ಳಿಯಿಂದ ಎಪ್ಪತ್ತೈದು ದಾಟಿದ ಮುದುಕಿಯೊಬ್ಬಳು ಮೊಮ್ಮಗನೊಂದಿಗೆ ನಮ್ಮ ಮನೆಗೆ ಬಂದಳು. ಸ್ಟುಡಿಯೋದ ಫೋಟೋಗಳು ನನ್ನ ಬಳಿ ಇವೆಯೆಂದು ಯಾರೋ ಹೇಳಿದ್ದರಂತೆ. 1974ರ ಸಂಕ್ರಾಂತಿಯ ಸಮಯದಲ್ಲಿ ಚುಂಚನಕಟ್ಟೆಯ ಜಾತ್ರೆಗೆ ಹೋದಾಗ, ಅಲ್ಲಿ ಡೇರೆ ಹಾಕಿದ್ದ ಯಜಮಾನರು ಅವಳ ಆರು ವರ್ಷದ ಮಗಳ ಫೋಟೋ ತೆಗೆದಿದ್ದರು. ಅದೇ ವರ್ಷ ಜ್ವರ ಬಂದು ಮಗು ತೀರಿಕೊಂಡಿತು. ಗೋಡೆಯ ಮೇಲಿದ್ದ ಫೋಟೋವನ್ನು ಗೆದ್ದಲು ತಿಂದು ಎಷ್ಟೋ ವರ್ಷಗಳಾಗಿದ್ದವು.

"ಆ ಮಗೀನ ಮುಖವೇ ನಂಗೆ ಮರ್ತೋಯ್ತಾ ಅದೆ ಮೇಷ್ಟ್ರೇ. ಕನಸಲ್ಲಿ ಬಂದ್ರೂ ಬೆನ್ನು ಮಾಡ್ಕಂಡೇ ನಿಂತ್ಕತಾಳೆ" ಎಂದಳು.

ರಿಜಿಸ್ಟರು ತೆರೆದು ಹುಡುಕಿದೆ. ಊರು, ತಂದೆಯ ಹೆಸರು, 'ಮಗು, ನಿಂತ ಭಂಗಿ, 2 ಪ್ರತಿ' ಎಂಬ ಟಿಪ್ಪಣಿ, ಕ್ರಮಸಂಖ್ಯೆ, ಎಲ್ಲವೂ ಇದ್ದವು. ಆ ಸಂಖ್ಯೆಯ ಲಕೋಟೆ ಇದ್ದುದು ಹದಿನಾಲ್ಕನೆಯ ಪೆಟ್ಟಿಗೆಯಲ್ಲಿ. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಲ ಅಂಚಿನಿಂದ ಸುಕ್ಕು ಎದ್ದು ಒಳಗೆ ಹರಿಯತೊಡಗಿತ್ತು. ಮುಖವನ್ನು ಇನ್ನೂ ಮುಟ್ಟಿರಲಿಲ್ಲ. ಮುದುಕಿಯೂ ಕಣ್ಣು ಕಿರಿದು ಮಾಡಿ ನೋಡಿದಳು. ಬಿಳಿಯ ಕೂದಲು, ಕಪ್ಪು ಹಲ್ಲು, ಕಪ್ಪು ಕಣ್ಣುಗುಡ್ಡೆಯ ಆ ಆಕೃತಿಯಲ್ಲಿ ತಾಯಿಗೆ ತನ್ನ ಮಗು ಹೇಗೆ ಕಂಡೀತು? "ಇದು ಯಾರೋ ಮುದುಕಿ ಇದ್ದಂಗದೆ" ಎಂದಳು. "ಸ್ವಲ್ಪ ದಿನ ತಾಳವ್ವ" ಎಂದು ಹೇಳಿ ಕಳುಹಿಸಿದೆ. ನೆಗೆಟಿವನ್ನು ಬೇರೆ ಲಕೋಟೆಗೆ ಹಾಕಿ, ಡಬ್ಬಿಯಲ್ಲಿಟ್ಟು, ಫ್ರಿಜ್ಜಿನಲ್ಲಿ ಹಾಲಿನ ಪಕ್ಕಕ್ಕೆ ಸೇರಿಸಿದೆ. ನನ್ನ ಮನೆಯವರು ಒಂದು ಮಾತೂ ಆಡಲಿಲ್ಲ.

ಕೃಷ್ಣರಾಜನಗರದಲ್ಲಿ ಟಿ.ವಿ., ಮಿಕ್ಸಿಗಳನ್ನು ದುರಸ್ತಿ ಮಾಡುವ ಅಂಗಡಿಯೊಂದಿದೆ. ಅದರ ಯಜಮಾನ ನನ್ನ ಶಿಷ್ಯ. ಹತ್ತನೆಯ ತರಗತಿಯಲ್ಲಿ ವ್ಯಾಕರಣಕ್ಕೆ ಬಹಳ ಹೆದರುತ್ತಿದ್ದವನು. ಯಂತ್ರವನ್ನು ಆಟೋದಲ್ಲಿ ಅವನ ಬಳಿಗೆ ಒಯ್ದೆ. ಅವನು ಇಂಥದನ್ನು ಹಿಂದೆ ಕಂಡಿರಲಿಲ್ಲ. ಹಾಗೆಂದು ಹೇಳಲು ಸಂಕೋಚಪಡಲೂ ಇಲ್ಲ. "ಇದು ನನಗೆ ಹೊಸದು ಸಾರ್. ಅವಸರ ಮಾಡಬೇಡಿ, ಕೂತ್ಕೊಳ್ಳಿ" ಎಂದನು. ಮೊದಲು ಬಿಳಿಯ ಕಾಗದವೊಂದನ್ನು ಮೇಜಿನ ಮೇಲೆ ಹರಡಿ ಯಂತ್ರದ ಆಕಾರವನ್ನು ಬರೆದನು. ಒಂದೊಂದು ತಿರುಪು ಬಿಚ್ಚಿದಾಗಲೂ ಅದನ್ನು ಚಿತ್ರದಲ್ಲಿ ಅದರ ಸ್ಥಾನದ ಮೇಲೆಯೇ ಇಟ್ಟನು. ಕೆಲಸ ಸಾಗಿದಂತೆ ಕಾಗದ ರಂಗೋಲಿಯ ಚುಕ್ಕಿಗಳಂತೆ ತುಂಬಿತು. ಹಂತ ಹಂತಕ್ಕೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡನು. ವ್ಯಾಕರಣಕ್ಕೆ ಹೆದರುತ್ತಿದ್ದವನ ಈ ಕ್ರಮಬದ್ಧತೆಯನ್ನು ನಾನು ಬೆರಗಿನಿಂದ ನೋಡುತ್ತ ಕುಳಿತೆ.

ತಟ್ಟೆ ಕದಲದಿದ್ದುದಕ್ಕೆ ಎರಡು ಕಾರಣಗಳು ಸಿಕ್ಕವು. ತಟ್ಟೆಯನ್ನು ಹೊತ್ತು ಜಾರುವ ಕಂಬಿಗಳ ಮೇಲಿನ ಗ್ರೀಸು ಇಪ್ಪತ್ತು ವರ್ಷಗಳಲ್ಲಿ ಒಣಗಿ ಮೇಣದಂತಾಗಿತ್ತು. ಆ ಭಾರವನ್ನು ಎಳೆದೆಳೆದು ಹಲ್ಲುಗಳಿದ್ದ ರಬ್ಬರ್ ಬೆಲ್ಟು ಬಿರುಕು ಬಿಟ್ಟು, ಮೂರು ಹಲ್ಲುಗಳು ಉದುರಿಹೋಗಿದ್ದವು. ಕಂಬಿಯನ್ನು ಸ್ಪಿರಿಟ್ಟಿನಿಂದ ಒರಸಿ ತೆಳುವಾಗಿ ಹೊಸ ಗ್ರೀಸು ಹಚ್ಚಿದ್ದಾಯಿತು. ಬೆಲ್ಟನ್ನು ಎಲ್ಲಿಂದ ತರುವುದು? ಅಂಗಡಿಯ ಹಿಂದಿನ ಕೋಣೆಯಲ್ಲಿ ಜನ ಬಿಟ್ಟುಹೋದ ಹಳೆಯ ಪ್ರಿಂಟರುಗಳ ರಾಶಿಯಿತ್ತು. ಪ್ರಿಂಟರಿನ ತಲೆಯನ್ನು ಅತ್ತಿತ್ತ ಎಳೆಯುವುದೂ ಹಲ್ಲಿನ ಬೆಲ್ಟೇ. ಅಂಗುಲಕ್ಕೆ ಎಷ್ಟು ಹಲ್ಲುಗಳೆಂದು ಅವನು ಅಳತೆಪಟ್ಟಿ ಹಿಡಿದು ಎಣಿಸಿದನು. ಎರಡು ಹೊಂದಲಿಲ್ಲ, ಮೂರನೆಯದು ಹೊಂದಿತು. ಕೆಟ್ಟ ವಸ್ತುಗಳನ್ನು ಎಸೆಯದೆ ಕೂಡಿಡುವವರನ್ನು ಮನೆಯವರು ಬಯ್ಯುವುದು ರೂಢಿ. ಆ ಕೋಣೆಯನ್ನು ನೋಡಿದ ಮೇಲೆ ಬಯ್ಯುವುದು ಕಷ್ಟ.

ಕನ್ನಡಿಯ ಕೆಲಸ ಇನ್ನೂ ಸೂಕ್ಷ್ಮ. ನಮ್ಮ ಮನೆಯ ಕನ್ನಡಿಗಳಲ್ಲಿ ಲೇಪ ಗಾಜಿನ ಹಿಂಭಾಗದಲ್ಲಿರುತ್ತದೆ. ಗಾಜು ಅದನ್ನು ಕಾಯುತ್ತದೆ. ಇಂಥ ಯಂತ್ರಗಳ ಕನ್ನಡಿಯಲ್ಲಿ ಲೇಪ ಮುಂಭಾಗದಲ್ಲಿಯೇ ಇರುತ್ತದೆ, ಇಲ್ಲದಿದ್ದರೆ ಪ್ರತಿಬಿಂಬ ಎರಡೆರಡಾದೀತು. ಬಟ್ಟೆಯಿಂದ ಒಮ್ಮೆ ಉಜ್ಜಿದರೆ ಲೇಪಕ್ಕೇ ಗೀರು ಬೀಳುತ್ತದೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿದೆವು. ಅನಂತರ ಹತ್ತಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಒತ್ತದೆ, ಅದರ ಭಾರವಷ್ಟೇ ತಾಗುವಂತೆ ಒಂದೇ ದಿಕ್ಕಿಗೆ ಎಳೆದೆವು. ಪ್ರತಿ ಸಲಕ್ಕೂ ಹೊಸ ಹತ್ತಿ. ಹನ್ನೊಂದನೆಯ ಸಲಕ್ಕೆ ಹತ್ತಿ ಬಿಳಿಯದಾಗಿಯೇ ಉಳಿಯಿತು. ಕನ್ನಡಿಯಲ್ಲಿ ಅಂಗಡಿಯ ಟ್ಯೂಬ್‌ಲೈಟು ಚಾಕುವಿನ ಅಲಗಿನಂತೆ ಹೊಳೆಯಿತು.

ಎರಡು ದಿನಗಳ ಕೆಲಸಕ್ಕೆ ಅವನು ಹೇಳಿದ ಕೂಲಿ ಎಂಟುನೂರು ರೂಪಾಯಿ. ನಾನು ಹೆಚ್ಚಿಗೆ ಕೊಡಹೋದರೆ, "ಬೆಲ್ಟು ನಂದಲ್ಲ ಸಾರ್, ಯಾರದೋ ಪ್ರಿಂಟರಿಂದು" ಎಂದನು. 2022ರಲ್ಲಿ ಕೇಂದ್ರ ಸರ್ಕಾರವು 'ದುರಸ್ತಿಯ ಹಕ್ಕು' ಎಂಬುದನ್ನು ಕುರಿತು ಸಮಿತಿಯೊಂದನ್ನು ರಚಿಸಿ, ಕಂಪನಿಗಳು ದುರಸ್ತಿಯ ಮಾಹಿತಿಯನ್ನು ಗ್ರಾಹಕರಿಗೆ ಒದಗಿಸಲೆಂದು ಒಂದು ಜಾಲತಾಣವನ್ನೂ ತೆರೆಯಿತು. ಅದು ಒಳ್ಳೆಯ ಹೆಜ್ಜೆಯೇ. ಆದರೆ ಹಕ್ಕನ್ನು ಕಾಗದದಲ್ಲಿ ಬರೆದುಕೊಟ್ಟರೂ ತಿರುಪನ್ನು ಅದರ ಸ್ಥಾನದಲ್ಲಿಡುವ ಕೈ ಬೇಕಲ್ಲ! ಆ ಕೈಗಳು ಇನ್ನೂ ನಮ್ಮ ಸಣ್ಣ ಊರುಗಳಲ್ಲಿವೆ, ಅವುಗಳಿಗೆ ಪ್ರಮಾಣಪತ್ರವಿಲ್ಲ.

ಮನೆಗೆ ತಂದ ಮೇಲೆ ಮಗುವಿನ ನೆಗೆಟಿವನ್ನು ಕೂಡಲೇ ಒಳಗೆ ತಳ್ಳಲಿಲ್ಲ. ದುರಸ್ತಿಯಾದ ಯಂತ್ರವನ್ನು ಮೊದಲು ಪರೀಕ್ಷಿಸಬೇಕು. 2020ರಲ್ಲಿ, ಯಂತ್ರ ಸುಸ್ಥಿತಿಯಲ್ಲಿದ್ದಾಗ ಓದಿದ್ದ ಒಂದು ಶಾಲಾ ತಂಡದ ನೆಗೆಟಿವನ್ನೇ ಮತ್ತೆ ಓದಿಸಿ, ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಬಿಳಿಯ ಅಂಗಿಗಳು ಬಿಳಿಯವಾಗಿದ್ದವು. ತಲೆಗಳ ಸುತ್ತಲಿನ ಮಸಿ ಹೋಗಿತ್ತು. ಒಂದು ಕಡೆ ಮಾತ್ರ ಕೂದಲೆಳೆಯಷ್ಟು ಗೆರೆ ಅಡ್ಡಲಾಗಿ ಕಂಡಿತು. ಬೆಲ್ಟು ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿದ್ದಿರಬೇಕು. ಐದಾರು ಸಲ ಓಡಿಸಿದ ಮೇಲೆ ಗೆರೆಯೂ ಮಾಯವಾಯಿತು.

ಫ್ರಿಜ್ಜಿನಿಂದ ಡಬ್ಬಿಯನ್ನು ತೆಗೆದು, ಮುಚ್ಚಳ ಬಿಚ್ಚದೆ ಅರ್ಧ ದಿನ ಹೊರಗಿಟ್ಟೆ. ತಣ್ಣಗಿರುವಾಗಲೇ ತೆರೆದರೆ ನೀರಿನ ಹನಿ ಕೂರುತ್ತದೆ. ಅನಂತರ ಗಾಜಿನ ತಟ್ಟೆಯಲ್ಲಿ ಮಲಗಿಸಿ ಗುಂಡಿ ಒತ್ತಿದೆ. ಆ ಏಳು ನಿಮಿಷದಲ್ಲಿ ಕಾಫಿ ಕುಡಿಯಲಿಲ್ಲ. ಪರದೆಯ ಮೇಲೆ ಮೊದಲು ಡೇರೆಯ ಬಣ್ಣದ ಪರದೆ ಬಂದಿತು, ಅದರಲ್ಲಿ ಬರೆದ ಹಂಸಗಳು ಬಂದವು. ಆಮೇಲೆ ಎಣ್ಣೆ ಹಚ್ಚಿ ಬಾಚಿದ ತಲೆ, ಹುಬ್ಬು, ಕ್ಯಾಮೆರಾವನ್ನು ನಂಬದ ಎರಡು ಕಣ್ಣುಗಳು. ಬಲಭುಜದ ಬಳಿ ಸುಕ್ಕಿನ ಗೆರೆಗಳು ಹರಡಿದ್ದವು. ಅಲ್ಲಿ ಯಾರದೋ ಕೈ ಇದ್ದಿರಬೇಕು. ಎರಡು ಬೆರಳುಗಳ ತುದಿ ಮಾತ್ರ ಉಳಿದಿತ್ತು. ಅಣ್ಣನ ಮಗ ಫೋನಿನಲ್ಲಿ, "ಕಳಿಸಿಕೊಡಿ ಚಿಕ್ಕಪ್ಪ, ಕಂಪ್ಯೂಟರಿನಲ್ಲಿ ಆ ಕೈಯನ್ನು ಪೂರ್ತಿ ಬರೆಸಿಬಿಡುತ್ತೇನೆ. ಈಗ ಅದೆಲ್ಲ ಕ್ಷಣದ ಕೆಲಸ" ಎಂದನು. ಬೇಡವೆಂದೆ. ಧೂಳನ್ನು ತೆಗೆಯುವುದು ನನ್ನ ಕೆಲಸ. ಫಿಲ್ಮಿನಲ್ಲಿ ಇಲ್ಲದ ಕೈಯನ್ನು ಬರೆಯುವುದಲ್ಲ. ಲಿಪಿಕಾರನಿಗೆ ಗರಿ ಮುರಿದ ಕಡೆ ಜಾಗ ಬಿಟ್ಟು ಮುಂದೆ ಹೋಗುವ ಪದ್ಧತಿ ತಿಳಿದಿತ್ತು.

ಮುದುಕಿ ಬಂದಾಗ ಚಿತ್ರವನ್ನು ಕೈಗೆ ಕೊಟ್ಟೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗನ ಕಡೆಗೆ ತಿರುಗಿ, "ನೋಡ್ಲಾ, ಬಳೆ. ಅವತ್ತು ಜಾತ್ರೇಲೇ ತೊಡ್ಸಿದ್ದು. ಹಸ್ರು ಬಳೆ" ಎಂದಳು. ಕಪ್ಪುಬಿಳುಪಿನ ಆ ಚಿತ್ರದಲ್ಲಿ ಅವಳಿಗೆ ಹಸಿರು ಕಾಣುತ್ತಿತ್ತು. ಭುಜದ ಮೇಲಿನ ಬೆರಳುಗಳನ್ನು ಮುಟ್ಟಿ, "ಇದು ನಂದೇ. ನಿಲ್ಲವಲ್ದು ಅಂತ ಹಿಡ್ಕಂಡಿದ್ದೆ" ಎಂದಳು. ಮಗನಿಗೂ ಒಂದು ಪ್ರತಿ ಬೇಕೆಂದು ಕೇಳಿದಳು, ಕೊಟ್ಟೆ. ಮುಂದಿನ ವಾರ ಮೊಮ್ಮಗನ ಕೈಯಲ್ಲಿ ಎರಡು ಸೇರು ಹುರುಳಿ ಕಳುಹಿಸಿದಳು.

ಪೆಟ್ಟಿಗೆಗಳನ್ನು ಈಗ ಇಸವಿಯ ಅನುಕ್ರಮದಲ್ಲಿ ತೆರೆಯುತ್ತಿಲ್ಲ. ಮೂವತ್ತೊಂದನ್ನೂ ಮೂಸಿ ನೋಡಿ, ಹುಳಿ ವಾಸನೆ ಬಂದ ಐದನ್ನು ಬೇರೆ ಕೋಣೆಗೆ ಸಾಗಿಸಿ, ತಗಡಿನ ಬದಲು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿದ್ದೇನೆ. ಮೊದಲು ಅವು ಮುಗಿಯಬೇಕು. ಯಂತ್ರ ಇನ್ನೆಷ್ಟು ಕಾಲ ನಡೆದೀತೆಂಬುದರಲ್ಲಿ ನನಗೆ ಭ್ರಮೆಯಿಲ್ಲ. ಬೆಲ್ಟನ್ನು ಬದಲಿಸಬಹುದು, ಸಂವೇದಕವೇ ಸೋತರೆ ಕೃಷ್ಣರಾಜನಗರದ ಕೋಣೆಯಲ್ಲಿಯೂ ಅದು ದೊರೆಯದು. ಆದ್ದರಿಂದ ಅಣ್ಣನ ಮಗನ ಕ್ಯಾಮೆರಾದ ಏರ್ಪಾಡಿಗೂ ಒಪ್ಪಿದ್ದೇನೆ. ಸುರುಳಿಕೊಳ್ಳದ, ಗಟ್ಟಿಯಾಗಿರುವ ನೆಗೆಟಿವ್‌ಗಳನ್ನು ಅವನು ರಜೆಯಲ್ಲಿ ಬಂದಾಗ ಕ್ಯಾಮೆರಾದಿಂದ ತೆಗೆಯುತ್ತಾನೆ. ಸುಕ್ಕಾದವನ್ನು, ಬಾಗಿದವನ್ನು ಮುದಿ ಯಂತ್ರವೂ ನಾನೂ ನೋಡಿಕೊಳ್ಳುತ್ತೇವೆ. ಖೆಡ್ಡಾದ ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಮುಗಿದಿವೆ. ಉಳಿದ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಅವುಗಳನ್ನು ಬಿಡಿಸುವ ಬಗೆ ತಿಳಿದವರೊಬ್ಬರು ಮೈಸೂರಿನಲ್ಲಿದ್ದಾರೆಂದು ಕೇಳಿದ್ದೇನೆ, ಬರುವ ಸೋಮವಾರ ಹೋಗಬೇಕು.